ಇಪ್ಪತ್ತು ಪೈಸೆಯ ಹಂಸ

ಚಿತ್ರಕಾರನಿಗೆ ಲೋಕವು ಸಲ್ಲಿಸುವ ಗೌರವಗಳು ಬಗೆಬಗೆಯಾಗಿವೆ. ಅರಸನು ಪದಕ ಕೊಡುತ್ತಾನೆ. ಸಿರಿವಂತನು ಹಣ ಕೊಡುತ್ತಾನೆ. ವಿಮರ್ಶಕನು, ಮನಸ್ಸು ಬಂದರೆ, ಒಂದು ಒಳ್ಳೆಯ ಮಾತನ್ನು ಕೊಡುತ್ತಾನೆ. ಸರಕಾರಗಳು ಕೊಡುವ ಗೌರವಗಳಲ್ಲಿ ಗಾತ್ರದಿಂದ ಅತ್ಯಂತ ಕಿರಿದಾದುದು ಅಂಚೆಯ ಚೀಟಿ. ಅದರ ಮುಂಭಾಗದಲ್ಲಿ ಮಾನ, ಹಿಂಭಾಗದಲ್ಲಿ ಅಂಟು. ಕೊಂಡವನು ಮೊದಲು ಅದನ್ನು ನಾಲಗೆಗೆ ತಾಗಿಸುತ್ತಾನೆ. ಬಳಿಕ ಮುಷ್ಟಿಯಿಂದ ಗುದ್ದಿ ಲಕೋಟೆಗೆ ಅಂಟಿಸುತ್ತಾನೆ. ಅನಂತರ ಅಂಚೆಯ ನೌಕರನು ಕರಿಯ ಮುದ್ರೆಯನ್ನೆತ್ತಿ ಅದರ ಮೋರೆಯ ಮೇಲೆಯೇ ಹೊಡೆಯುತ್ತಾನೆ. ಇಷ್ಟೆಲ್ಲ ಅವಮಾನವನ್ನು ಉಂಡಮೇಲೆಯೇ ಆ ಗೌರವಕ್ಕೆ ಕೆಲಸ ಮೊದಲಾಗುವುದು. ಲೋಕದಲ್ಲಿ ಇಂಥ ಸನ್ಮಾನ ಮತ್ತೊಂದಿಲ್ಲ.

ಸ್ವತಂತ್ರ ಭಾರತದಲ್ಲಿ ಈ ಸನ್ಮಾನ ಕವಿಗಳಿಗೆ ಬೇಗ ದೊರೆಯಿತು. 1952ರಲ್ಲಿಯೇ ಕಬೀರ, ತುಲಸೀದಾಸ, ಮೀರಾ, ಸೂರದಾಸ, ಗಾಲಿಬ್ ಮತ್ತು ರವೀಂದ್ರನಾಥ ಠಾಕೂರರು ಅಂಚೆಯ ಚೀಟಿಯನ್ನೇರಿ ಊರೂರು ಸುತ್ತಿದರು. ಚಿತ್ರಕಾರರ ಸರದಿ ತಡವಾಗಿ ಬಂದಿತು. 1967ರಲ್ಲಿ ನಂದಲಾಲ ಬಸು. ಬಳಿಕ 1971ನೆಯ ಇಸವಿ ಏಪ್ರಿಲ್ 29ರಂದು ರಾಜಾ ರವಿವರ್ಮ. ಆ ದಿನ ರವಿವರ್ಮನ ಜನ್ಮದಿನ. 1848ರಲ್ಲಿ ತಿರುವಾಂಕೂರಿನ ಕಿಳಿಮಾನೂರಿನಲ್ಲಿ ಹುಟ್ಟಿದ ಆತನು 1906ರಲ್ಲಿ ತೀರಿಕೊಂಡಿದ್ದನು. ಚೀಟಿಯ ಬೆಲೆ 20 ಪೈಸೆ. ಆಗಿನ ದರದಂತೆ ಕಾರ್ಡಿಗೆ 10 ಪೈಸೆ, ಇನ್‌ಲ್ಯಾಂಡ್ ಪತ್ರಕ್ಕೆ 15 ಪೈಸೆ, ಲಕೋಟೆಗೆ 20 ಪೈಸೆ. ಎಂದಮೇಲೆ ರವಿವರ್ಮನ ಪಾಲಿಗೆ ಬಂದುದು ಲಕೋಟೆಯ ಕೆಲಸ; ಮನೆಯವರಲ್ಲದೆ ಬೇರೆಯವರು ಓದಬಾರದ ಮಾತನ್ನು ಹೊತ್ತು ನಡೆಯುವ ಕೆಲಸ.

ಆ ಚೀಟಿಗಾಗಿ ಆರಿಸಿದ ಚಿತ್ರವೂ ಈ ಕೆಲಸಕ್ಕೆ ಒಪ್ಪುವಂಥದೇ ಆಗಿತ್ತು. ಅದು 1899ರಲ್ಲಿ ರವಿವರ್ಮನು ಬರೆದ 'ಹಂಸ ದಮಯಂತಿ'. ನಿಷಧದ ಅರಸನಾದ ನಳನೂ ವಿದರ್ಭದ ರಾಜಕುಮಾರಿಯಾದ ದಮಯಂತಿಯೂ ಒಬ್ಬರನ್ನೊಬ್ಬರು ಕಣ್ಣಿನಿಂದ ಕಂಡವರಲ್ಲ. ಅವರಿಬ್ಬರ ನಡುವೆ ಮಾತನ್ನು ಹೊತ್ತು ಹಾರಿದುದು ಹಂಸ. ಕನ್ನಡನಾಡಿಗೆ ಈ ಕಥೆ ಹೊಸತಲ್ಲ. ಕನಕದಾಸರು 'ನಳಚರಿತ್ರೆ'ಯನ್ನು ಭಾಮಿನಿ ಷಟ್ಪದಿಯಲ್ಲಿ ಹಾಡಿದ ಮೇಲೆ, ಅಕ್ಷರ ಬಾರದವರಿಗೂ ಹಂಸದ ಪರಿಚಯವಿದೆ. ಅದನ್ನು ಭರತಖಂಡದ ಮೊದಲನೆಯ ಅಂಚೆಯವನೆಂದರೆ ತಪ್ಪಾಗಲಾರದು. ಅದಕ್ಕೆ ಚೀಟಿಯಿಲ್ಲ, ಮುದ್ರೆಯಿಲ್ಲ, ಸಂಬಳವೂ ಇಲ್ಲ. ಇದ್ದುದೊಂದೇ, ಹೇಳಿಕಳಿಸಿದ ಮಾತನ್ನು ತಿರುಚದೆ ಮುಟ್ಟಿಸುವ ನಿಷ್ಠೆ. ಆ ಹಂಸವನ್ನು ಲಕೋಟೆಯ ಮೂಲೆಯಲ್ಲಿ ಕೂರಿಸಿದವರು ಯಾರೇ ಇರಲಿ, ಅವರು ರಸಿಕರು.

ಆದರೆ ಅಂಚೆಯ ಇಲಾಖೆಯೇ ರವಿವರ್ಮನನ್ನು ಮನೆಮನೆಗೆ ಮುಟ್ಟಿಸಿತೆಂದು ತಿಳಿಯಬಾರದು. ಆತನು ಅದಕ್ಕಿಂತ ಬಹಳ ಮೊದಲೇ ಮನೆಗಳ ಗೋಡೆಯನ್ನೇರಿ ಕುಳಿತಿದ್ದನು. ಅವನ ಬಾಳಿನ ದಾರಿಯೇ ವಿಚಿತ್ರ. 1868ರಲ್ಲಿ ತಿರುವಾಂಕೂರಿನ ಆಸ್ಥಾನಕ್ಕೆ ಬಂದ ಥಿಯೋಡೋರ್ ಜೆನ್ಸನ್ ಎಂಬ ಐರೋಪ್ಯ ಚಿತ್ರಕಾರನು ಎಣ್ಣೆಬಣ್ಣದ ಗುಟ್ಟನ್ನು ಈ ಹುಡುಗನಿಗೆ ಹೇಳಿಕೊಡಲೊಲ್ಲದೆ ಹೋದನು; ತಾನು ಬರೆಯುವಾಗ ನಿಂತು ನೋಡಲು ಮಾತ್ರ ಬಿಟ್ಟನು. ನೋಡಿಯೇ ಕಲಿತವನು 1873ರಲ್ಲಿ ವಿಯೆನ್ನಾ ಪ್ರದರ್ಶನದಲ್ಲಿ ಬಹುಮಾನ ಪಡೆದನು. 1893ರಲ್ಲಿ ಅವನ 10 ಚಿತ್ರಗಳು ಕಡಲು ದಾಟಿ ಶಿಕಾಗೋ ನಗರದ ಪ್ರದರ್ಶನಕ್ಕೆ ಹೋದವು. ಕನ್ನಡನಾಡಿನ ನಂಟೂ ಆತನಿಗಿತ್ತು. ಎಳೆಯ ವಯಸ್ಸಿನಲ್ಲಿ ಕೊಲ್ಲೂರು ಮೂಕಾಂಬಿಕೆಯ ಯಾತ್ರೆ ಮಾಡಿ ಬಂದಮೇಲೆಯೇ ಚಿತ್ರಬರಹವನ್ನು ವೃತ್ತಿಯಾಗಿ ಹಿಡಿದನೆಂದು ಅವನ ಚರಿತ್ರೆ ಹೇಳುತ್ತದೆ. ಕೊನೆಗಾಲದಲ್ಲಿ ಮೈಸೂರು ಅರಸರಿಗಾಗಿ ಬರೆದ ಒಂಬತ್ತು ಪುರಾಣಚಿತ್ರಗಳು ಜಗನ್ಮೋಹನ ಅರಮನೆಯನ್ನು ಸೇರಿದವು.

ಅರಮನೆಯ ಚಿತ್ರ ಅರಮನೆಯಲ್ಲಿಯೇ ಉಳಿದಿದ್ದರೆ ರವಿವರ್ಮನು ಇತರ ಆಸ್ಥಾನ ಚಿತ್ರಕಾರರಂತೆ ಒಬ್ಬನಾಗುತ್ತಿದ್ದನು. ಅವನ ಚಿತ್ರಗಳನ್ನು ಅಚ್ಚು ಹಾಕಿಸಿ ಜನರಿಗೆ ಹಂಚಬೇಕೆಂದು ದಿವಾನ್ ಟಿ. ಮಾಧವರಾಯರು ಬಹು ಹಿಂದೆಯೇ ಸೂಚಿಸಿದ್ದರು. 1894ರಲ್ಲಿ ಮುಂಬಯಿಯ ಗಿರಗಾಂವಿಯಲ್ಲಿ ಜರ್ಮನಿಯ ಯಂತ್ರಗಳನ್ನು ತರಿಸಿ ಮುದ್ರಣಾಲಯವನ್ನು ತೆರೆದದ್ದಾಯಿತು. 1899ರಲ್ಲಿ ಅದು ಲೋಣಾವಳದ ಬಳಿಯ ಮಳವಲಿಗೆ ಹೋಯಿತು. ಅಲ್ಲಿ ನಡೆದುದು ಕಲ್ಲಚ್ಚಿನ ಕೆಲಸ. ಚಿತ್ರದಲ್ಲಿ ಎಷ್ಟು ಬಣ್ಣಗಳೋ ಅಷ್ಟು ಕಲ್ಲುಗಳು. ನುಣ್ಣಗೆ ಉಜ್ಜಿದ ಸುಣ್ಣಗಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆಯುತ್ತಾರೆ. ಕಲ್ಲನ್ನು ಒದ್ದೆ ಮಾಡಿ ಬಣ್ಣವನ್ನು ಉರುಳಿಸುತ್ತಾರೆ. ಜಿಡ್ಡು ಇದ್ದಲ್ಲಿ ಬಣ್ಣ ಹಿಡಿಯುತ್ತದೆ, ನೀರು ಇದ್ದಲ್ಲಿ ಹಿಡಿಯುವುದಿಲ್ಲ. ಎಣ್ಣೆಗೂ ನೀರಿಗೂ ಇರುವ ಹಗೆತನವೇ ಈ ವಿದ್ಯೆಯ ಮೂಲ. ಒಂದೇ ಹಾಳೆ ಒಂದು ಕಲ್ಲಿನಿಂದ ಮತ್ತೊಂದು ಕಲ್ಲಿಗೆ ಸಾಗಿ, ಕೆಂಪು, ಹಳದಿ, ನೀಲಿ ಎಂದು ಒಂದೊಂದನ್ನೇ ಉಟ್ಟುಕೊಂಡು, ಕಡೆಗೆ ಮೆರುಗೆಣ್ಣೆ ಬಳಿಸಿಕೊಂಡು ಹೊರಬಂದಾಗ ಅದು ಲಕ್ಷ್ಮಿಯಾಗಿರುತ್ತಿತ್ತು, ಸರಸ್ವತಿಯಾಗಿರುತ್ತಿತ್ತು, ದತ್ತಾತ್ರೇಯನಾಗಿರುತ್ತಿತ್ತು.

ಈ ಸಾಹಸದಲ್ಲೆಲ್ಲ ರವಿವರ್ಮನಿಗೆ ಹೆಗಲು ಕೊಟ್ಟು ನಿಂತವನು ಅವನ ತಮ್ಮ ರಾಜರಾಜವರ್ಮ. ತಾನೂ ಸಮರ್ಥ ಚಿತ್ರಕಾರನಾಗಿದ್ದು ಅಣ್ಣನ ನೆರಳಿನಲ್ಲಿ ನಡೆದವನು. ಅಣ್ಣನ ಪ್ರವಾಸಗಳನ್ನೂ ಮುದ್ರಣಾಲಯದ ಕಷ್ಟಗಳನ್ನೂ ದಿನಚರಿಯಲ್ಲಿ ಬರೆದಿಟ್ಟವನು. ಲಾಭಕ್ಕಿಂತ ನಷ್ಟವೇ ಹೆಚ್ಚಾಗಿ ಮುದ್ರಣಾಲಯವು ಫ್ರಿಟ್ಜ್ ಶ್ಲೈಕರ್ ಎಂಬ ಜರ್ಮನ್ ತಂತ್ರಜ್ಞನ ಕೈಸೇರಿತು. 1905ರಲ್ಲಿ ತಮ್ಮ ತೀರಿಕೊಂಡನು. ಮರುವರ್ಷವೇ, 1906ರ ಅಕ್ಟೋಬರ್ 2ರಂದು, ಅಣ್ಣನೂ ಹೊರಟುಹೋದನು. ಮುದ್ರಣಾಲಯದ ಚಿತ್ರಗಳು ಮಾತ್ರ ಅವರಿಬ್ಬರನ್ನು ಬಿಟ್ಟು ತಮ್ಮ ದಾರಿ ಹಿಡಿದು ನಡೆದವು. ಅಂಥ ದಾರಿಗಳಲ್ಲಿ ಒಂದು ರೋಣ ತಾಲ್ಲೂಕಿನ ಅಬ್ಬಿಗೇರಿಗೂ ಬಂದಿತ್ತು.

ಅಬ್ಬಿಗೇರಿಯ ವಿಳಾಸ ಕಾಲಕಾಲಕ್ಕೆ ಬದಲಾಗಿದೆ. 1956ಕ್ಕೆ ಮೊದಲು ಅದು ಮುಂಬಯಿ ರಾಜ್ಯ. 1971ರಲ್ಲಿ ಮೈಸೂರು ರಾಜ್ಯದ ಧಾರವಾಡ ಜಿಲ್ಲೆ. 1997ರಿಂದ ಗದಗ ಜಿಲ್ಲೆ. ಬದಲಾಗದೆ ಉಳಿದುದು ಎರೆಭೂಮಿ. ಮಳೆ ಬಂದರೆ ಕಾಲನ್ನು ಹಿಡಿದು ಬಿಡದ, ಬೇಸಗೆಯಲ್ಲಿ ಅಂಗೈಯಗಲ ಬಿರಿಯುವ ಭೂಮಿ. ಅರಳೆಯ ವ್ಯಾಪಾರ ಗದಗನ್ನು ಮುಂಬಯಿಗೆ ಕಟ್ಟಿಹಾಕಿದ್ದ ಕಾಲದಲ್ಲಿ, ಗಾಡಿಯಲ್ಲಿ ಅರಳೆ ಹೇರಿಕೊಂಡು ಹೋದ ಒಕ್ಕಲಿಗನೊಬ್ಬನು ಮರಳಿ ಬರುವಾಗ ಕಟ್ಟು ಹಾಕಿಸಿದ ಲಕ್ಷ್ಮಿಯ ಚಿತ್ರವೊಂದನ್ನು ಹುಲ್ಲಿನ ನಡುವೆ ಹುದುಗಿಸಿಕೊಂಡು ತಂದನಂತೆ. ಅದು ಅವನ ಮನೆಯ ಜಗಲಿಯ ಮೇಲೆ ದೇವರ ಸಾಲಿನಲ್ಲಿ ಕುಳಿತಿತು. ತಾವರೆಯ ಮೇಲೆ ನಿಂತ ದೇವಿ, ಪಕ್ಕದಲ್ಲಿ ಮಾಲೆಯನ್ನೆತ್ತಿದ ಆನೆ. ಮನೆಯ ಹೆಂಗಸರು ಗಾಜು ತೆಗೆಸಿ, ದೇವಿಯ ಸೀರೆಯ ಅಂಚಿಗೆ ಜರಿಯನ್ನೂ ಕೊರಳಿಗೆ ಮಿನುಗುವ ಟಿಕಳಿಯನ್ನೂ ಅಂಟಿಸಿ ಮತ್ತೆ ಗಾಜು ಹಾಕಿಸಿದರು. ಚಿತ್ರಕಾರನು ಮುಗಿಸಿದ ಚಿತ್ರವನ್ನು ಅವರು ಮತ್ತೊಮ್ಮೆ ಮುಗಿಸಿದರು. ಬರೆದವನ ಹೆಸರು ಅವರಲ್ಲಿ ಯಾರಿಗೂ ಬೇಕಾಗಿರಲಿಲ್ಲ.

ಎರಡು ತಲೆಮಾರು ಕಳೆದು, ಆ ಮನೆಯಲ್ಲಿ ಅಣ್ಣತಮ್ಮಂದಿರ ಪಾಲು ನಡೆಯಿತು. ಹೊಲವನ್ನು ಅಳೆದು ಹಂಚುವುದು ಸುಲಭ. ನಡುವೆ ಒಂದು ಬದು ಹಾಕಿದರಾಯಿತು. ಎತ್ತಿಗೊಂದು ಎತ್ತು, ಕೊಪ್ಪರಿಗೆಗೊಂದು ಕೊಪ್ಪರಿಗೆ. ಜಗಲಿಯ ಮುಂದೆ ಬಂದಾಗ ಪಂಚರು ತಡೆದು ನಿಂತರು. ಲಕ್ಷ್ಮಿ ಒಬ್ಬಳೇ. ಇಬ್ಬರಿಗೂ ಬೇಕು. ತಾಯಿ ಬದುಕಿದ್ದಳು, ಆದರೆ ಅವಳನ್ನು ಕೇಳಿದರೆ ಅವಳು ಯಾರ ಹೆಸರನ್ನು ಹೇಳಬೇಕು? ಕಡೆಗೆ ಚೀಟಿ ಎತ್ತಿಸಿದರು. ಚೀಟಿ ಅಣ್ಣನಿಗೆ ಬಂದಿತು. ತಮ್ಮನು "ಕಾಗದದ ಲಕ್ಷ್ಮಿ ನಿನಗಿರ್ಲಿ" ಎಂದು ಹೇಳಿ, ಹೆಂಡತಿಯನ್ನು ಕರೆದುಕೊಂಡು, ಗದಗಿನಲ್ಲಿ ರೈಲು ಹತ್ತಿ ಸೊಲ್ಲಾಪುರಕ್ಕೆ ಹೋದನು. ಆ ಕಾಲದಲ್ಲಿ ಈ ಭಾಗದ ಎಷ್ಟೋ ಮನೆಗಳ ಕಿರಿಯ ಮಕ್ಕಳಿಗೆ ಸೊಲ್ಲಾಪುರದ ಬಟ್ಟೆಯ ಗಿರಣಿಗಳೇ ಎರಡನೆಯ ಹೊಲವಾಗಿದ್ದವು.

ನಾಲ್ಕು ವರ್ಷ ಪತ್ರವಿಲ್ಲ. ಇದಕ್ಕೆ ಸಿಟ್ಟೊಂದೇ ಕಾರಣವಾಗಿರಲಿಲ್ಲ. ಅಣ್ಣನಿಗೆ ಬರೆಯಲು ಮನಸ್ಸಿಲ್ಲ; ತಾಯಿಗೆ ಬರೆಯೋಣವೆಂದರೆ ಅವಳಿಗೆ ಅಕ್ಷರ ಬಾರದು. ಓದಿ ಹೇಳಬೇಕಾದವನು ಮತ್ತೆ ಅಣ್ಣನೇ. ಓದು ಬಾರದ ತಾಯಂದಿರ ಮಕ್ಕಳು ಎಷ್ಟು ಮಾತುಗಳನ್ನು ಈ ಕಾರಣಕ್ಕಾಗಿಯೇ ನುಂಗಿಕೊಂಡಿರಬೇಕು! ಲಕೋಟೆಯ ಬಾಯನ್ನು ಎಷ್ಟು ಬಿಗಿಯಾಗಿ ಮುಚ್ಚಿದರೇನು, ಅದು ತೆರೆಯುವುದು ಮತ್ತೊಬ್ಬರ ಕೈಯಲ್ಲಿ.

1971ರ ಕಾರಹುಣ್ಣಿಮೆಯ ಹಿಂದುಮುಂದಿನ ಒಂದು ದಿನ, ತಾಯಿಯ ಹೆಸರಿಗೆ ಸೊಲ್ಲಾಪುರದಿಂದ ಲಕೋಟೆ ಬಂದಿತು. "ಅವ್ವಾರ, ನಿಮಗ ಪಾಕೀಟ ಬಂದೈತಿ" ಎಂದು ಅಂಚೆಯವನು ಕಟ್ಟೆಯ ಮೇಲೆ ಇಟ್ಟುಹೋದನು. ಹೊಲದಿಂದ ಬಂದ ಅಣ್ಣನು ಅದನ್ನು ಹಿಂದುಮುಂದು ತಿರುವಿ ನೋಡಿ, ಒಡೆಯದೆ, ಗೋಡೆಯ ಗೂಡಿನಲ್ಲಿಟ್ಟನು.

"ವಾಟಣಿ ಮುಗದ ನಾಕ ವರ್ಷ ಆತು. ಮತ್ತೇನರೆ ಕೇಳಾಕ ಬರದಿರ್ತಾನ. ನಾಳೆ ನೋಡಿದ್ರಾತು."

ತಾಯಿ ಮಾತಾಡಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಗೂಡಿನಿಂದ ಲಕೋಟೆಯನ್ನು ತೆಗೆದುಕೊಂಡು ಜಗಲಿಯ ಮುಂದೆ ಕುಳಿತಳು. ಅಕ್ಷರ ಅವಳಿಗೆ ಬಾರದಿದ್ದರೂ ಚಿತ್ರ ಬರುತ್ತಿತ್ತು. ದೀಪವನ್ನು ಹತ್ತಿರಕ್ಕೆ ತಂದು ಚೀಟಿಯನ್ನು ನೋಡಿದಳು. ತಲೆಯೆತ್ತಿ ಲಕ್ಷ್ಮಿಯನ್ನು ನೋಡಿದಳು. ಮತ್ತೆ ಚೀಟಿಯನ್ನು ನೋಡಿದಳು. ಆಮೇಲೆ ಮಗನನ್ನು ಕರೆದಳು.

"ತಮ್ಮಾ, ಇಲ್ಲಿ ಬಾ. ಈ ಟಿಕೀಟಿನ್ಯಾಗಿನ ಹೆಣಮಗಳನ್ನ ನೋಡು. ನಮ್ಮ ಲಕ್ಷ್ಮಿಯಂಗ ನಿಂತಾಳ. ಸೀರಿ ನಿರಿಗಿ ನೋಡು, ಅದ ಪರಿ ಬಿದ್ದಾವ. ಈಕಿನ್ನ ಬರದ ಕೈ, ಆಕಿನ್ನ ಬರದ ಕೈ ಒಂದ ಐತಿ."

ಮಗನು ಮುಲ್ಕಿ ಪರೀಕ್ಷೆಯವರೆಗೆ ಓದಿದವನು. ತಾಯಿಯ ಮಾತಿಗೆ ನಕ್ಕು, ಸುಳ್ಳೆಂದು ತೋರಿಸಿಕೊಡುವುದಕ್ಕಾಗಿಯೇ ದೀಪವನ್ನೆತ್ತಿ ಹಿಡಿದನು. ಚೀಟಿಯ ಮೇಲೆ ರವಿವರ್ಮನ ಹೆಸರು ಇತ್ತು. ಲಕ್ಷ್ಮಿಯ ಪಾದದ ಕೆಳಗೆ, ಜರಿಯ ಅಂಚಿಗೆ ಅರ್ಧ ಮರೆಯಾಗಿ, ಹುಟ್ಟಿದಾಗಿನಿಂದ ಕಂಡೂ ಓದದಿದ್ದ ಒಂದು ಸಾಲು ಇತ್ತು. ಒಂದೊಂದೇ ಅಕ್ಷರವನ್ನು ಕೂಡಿಸಿ ಓದಿದನು. ಹೆಸರು ಅದೇ ಆಗಿತ್ತು. ಅರ್ಧ ಶತಮಾನ ದೀಪದ ಬೆಳಕಿನಲ್ಲಿ ನೋಡಿದ ಕಣ್ಣು, ಬರೆದವನ ಹೆಸರನ್ನರಿಯದೆಯೇ ಅವನ ಕೈಯನ್ನು ಅರಿತಿತ್ತು. ಕಲಾವಿಮರ್ಶೆಯ ಪಂಡಿತರು ಇದಕ್ಕಿಂತ ಹೆಚ್ಚಿನದೇನನ್ನು ಮಾಡುತ್ತಾರೆ?

ಇಷ್ಟಾದ ಮೇಲೆ ಲಕೋಟೆಯನ್ನು ಮತ್ತೆ ಗೂಡಿನಲ್ಲಿಡುವುದು ಆತನಿಂದಾಗಲಿಲ್ಲ. ಒಡೆದನು. ಪತ್ರ ಚಿಕ್ಕದು. ಗಿರಣಿಯಲ್ಲಿ ಕೆಲಸ ಕಾಯಂ ಆಗಿದೆ. ಹೆಣ್ಣು ಕೂಸು ಹುಟ್ಟಿದೆ. ಲಕ್ಷ್ಮಿಯೆಂದು ಹೆಸರಿಡುವುದಾಗಿ ಗೊತ್ತು ಮಾಡಿದ್ದೇವೆ. ಅವ್ವ ತೊಟ್ಟಿಲಿಗೆ ಬರಬೇಕು. ಇಷ್ಟನ್ನು ಗಟ್ಟಿಯಾಗಿ ಓದಿದನು. ಕೊನೆಯ ಸಾಲಿಗೆ ಬಂದಾಗ ದನಿ ನಿಂತಿತು.

"ಯಾಕೋ, ಮುಂದ?"

"ಮುಗೀತವ್ವಾ."

ಆ ಸಾಲು ತಾಯಿಗೆ ಬರೆದುದಾಗಿರಲಿಲ್ಲ. "ಇದನ್ನ ಓದಾಂವ ನೀನ ಅಂತ ಗೊತ್ತೈತಿ, ಅಣ್ಣಾ, ಅವ್ವನ್ನ ನೀನ ಕರಕೊಂಡು ಬಾ" ಎಂದಷ್ಟೇ ಅಲ್ಲಿತ್ತು. ಮರುದಿನ ಅಣ್ಣನು ಪೇಟೆಗೆ ಹೋಗಿ ಕೂಸಿಗೆ ಕುಲಾವಿ ಕೊಂಡು ತಂದುದನ್ನು ಕಂಡಾಗ, ಓದದೆ ಬಿಟ್ಟ ಸಾಲು ಏನಿದ್ದೀತೆಂಬುದು ತಾಯಿಗೆ ತಿಳಿಯಿತು.

ಸೊಲ್ಲಾಪುರದಲ್ಲಿ ತೊಟ್ಟಿಲ ಕಾರ್ಯ ಮುಗಿದ ಮೇಲೆ ತಾಯಿ ಕಿರಿಯ ಮಗನನ್ನು ಕೇಳಿದಳು: ಅಷ್ಟು ಹುಡುಕಿ ಆ ಟಿಕೀಟನ್ನು ಹೇಗೆ ತಂದೆಯೆಂದು. ಅವನು ಕಣ್ಣರಳಿಸಿದನು. "ಪೋಸ್ಟಿನ್ಯಾಗ ಹರದು ಕೊಟ್ಟದ್ದು ಹಚ್ಚೇನಿ ಅವ್ವಾ, ಅದರಾಗ ಏನಿತ್ತಂತ ನಾ ನೋಡೇ ಇಲ್ಲ." ಎಲ್ಲರೂ ನಕ್ಕರು. ಹಂಸಕ್ಕಾದರೂ ತಾನು ಹೊತ್ತ ಸಂದೇಶದ ಅರಿವಿತ್ತು. ಇಲ್ಲಿ ಕಳಿಸಿದವನೇ ಅರಿಯದ ಒಂದು ಸಂದೇಶ ಪತ್ರದ ಜೊತೆಗೆ ಬಂದು ಮುಟ್ಟಿತ್ತು.

ಆ ವರ್ಷದ ದೀಪಾವಳಿಗೆ ತಮ್ಮನು ಹೆಂಡತಿ ಮಕ್ಕಳೊಡನೆ ಅಬ್ಬಿಗೇರಿಗೆ ಬಂದನು. ಅಮಾವಾಸ್ಯೆಯ ಪೂಜೆ ಒಂದೇ ಜಗಲಿಯ ಮುಂದೆ ನಡೆಯಿತು. ಅಂದಿನಿಂದ ಇಬ್ಬರೂ ರಾಮಲಕ್ಷ್ಮಣರಾದರೆಂದೇನೂ ಅಲ್ಲ. ಬದುವಿನ ಮೇಲಿನ ಜಾಲಿಯ ಗಿಡ ಯಾರದೆಂಬ ವಾದ ಬಹುಕಾಲ ಉಳಿಯಿತು. ಆದರೆ ಪತ್ರಗಳು ನಿಲ್ಲಲಿಲ್ಲ. ನವೆಂಬರ್ 15ರಿಂದ ಬಾಂಗ್ಲಾ ನಿರಾಶ್ರಿತರ ನೆರವಿಗಾಗಿ ಪ್ರತಿ ಪತ್ರಕ್ಕೂ 5 ಪೈಸೆಯ ಹೆಚ್ಚಿನ ಚೀಟಿ ಕಡ್ಡಾಯವಾದಾಗ, ಆ ಹೊರೆಯನ್ನೂ ಹೊತ್ತು ಬಂದವು. ತಾಯಿ ಮೊದಲನೆಯ ಲಕೋಟೆಯ ಚೀಟಿಯನ್ನು ನೀರಿನಲ್ಲಿ ನೆನೆಸಿ ಬಿಡಿಸಿ, ಗಂಜಿಯಿಂದ ಲಕ್ಷ್ಮಿಯ ಕಟ್ಟಿನ ಮೂಲೆಗೆ ಅಂಟಿಸಿದಳು. ಪುರಾಣ ಕೇಳಿದ್ದ ಹೆಂಗಸು ಅವಳು. ನಳನ ರಾಜ್ಯವನ್ನು ಪಗಡೆಯಲ್ಲಿ ಗೆದ್ದುಕೊಂಡವನು ಹೊರಗಿನವನಲ್ಲ, ಒಡಹುಟ್ಟಿದ ಪುಷ್ಕರನೆಂಬುದನ್ನೂ, ರಾಜ್ಯ ಮರಳಿ ಕೈಸೇರಿದಾಗ ನಳನು ಅವನನ್ನು ಕ್ಷಮಿಸಿ ಅವನ ಪಾಲನ್ನು ಅವನಿಗೇ ಕೊಟ್ಟು ಕಳಿಸಿದನೆಂಬುದನ್ನೂ ಮೊಮ್ಮಕ್ಕಳಿಗೆ ಹೇಳುತ್ತಿದ್ದಳು. ಹೇಳುವಾಗ ಮಕ್ಕಳಿಬ್ಬರೂ ಮನೆಯಲ್ಲಿರುವ ಹೊತ್ತನ್ನೇ ಆರಿಸುತ್ತಿದ್ದಳು.

ರವಿವರ್ಮನ ಬೆಲೆಯ ಬಗೆಗೆ ತಿಳಿದವರಲ್ಲಿ ಒಮ್ಮತವಿರಲಿಲ್ಲ. ಅವನ ದೇವಿಯರು ಐರೋಪ್ಯ ರೀತಿಯ ನಾಟಕದ ಹೆಂಗಸರೆಂದೂ, ಅದು ಭಾರತೀಯ ಕಲೆಯೇ ಅಲ್ಲವೆಂದೂ ವಂಗದೇಶದ ಹೊಸ ಪಂಥದವರು ಹೇಳಿದರು. ಆ ಪಂಥದ ಮುಖಂಡರಾದ ಅವನೀಂದ್ರನಾಥ ಠಾಕೂರರಿಗೂ ಅದೇ 1971ರ ಆಗಸ್ಟಿನಲ್ಲಿ ಅಂಚೆಯ ಇಲಾಖೆ ಚೀಟಿ ಹೊರಡಿಸಿತು. ಬೆಲೆ ಅದೇ 20 ಪೈಸೆ. ಎರಡು ಪಂಥಗಳ ವಾದವನ್ನು ತೀರಿಸುವುದು ಅಂಚೆಯ ಕೆಲಸವಲ್ಲ. ಪತ್ರವನ್ನು ಮುಟ್ಟಿಸುವುದು ಅದರ ಕೆಲಸ. 1972ರ ಕಾಯಿದೆಯ ಮೇರೆಗೆ ಸರಕಾರವು ಮುಂದೆ ಇಬ್ಬರ ಕೃತಿಗಳನ್ನೂ ರಾಷ್ಟ್ರದ ಕಲಾಸಂಪತ್ತೆಂದು ಸಾರಿ, ದೇಶದ ಹೊರಗೆ ಒಯ್ಯದಂತೆ ತಡೆಯಿತು.

ಈಗ ಹಳೆಯ ಕಲ್ಲಚ್ಚಿನ ಚಿತ್ರಗಳಿಗೂ ಬೆಲೆ ಬಂದಿದೆ. ಹಳೆಯ ವಸ್ತುಗಳ ವ್ಯಾಪಾರಿಗಳು ಹಳ್ಳಿಗಳ ಜಗಲಿಗಳನ್ನು ಹುಡುಕಿಕೊಂಡು ಬರುತ್ತಾರೆ. ಅಂಥವನೊಬ್ಬನು ಅಬ್ಬಿಗೇರಿಯ ಆ ಮನೆಗೂ ಬಂದು, ಲಕ್ಷ್ಮಿಯನ್ನು ನೋಡಿ ಮೆಚ್ಚಿ, ಮೂಲೆಯ ಚೀಟಿಯನ್ನು ಕಂಡು ಮೋರೆ ಸಣ್ಣದು ಮಾಡಿದನಂತೆ. ಚೀಟಿಯಾದರೂ ಬಳಸದೆ ಇದ್ದರೆ ಸಂಗ್ರಹಕಾರರು ಕೊಳ್ಳುತ್ತಿದ್ದರು; ಇದರ ಮೇಲೆ ಮುದ್ರೆ ಬಿದ್ದಿದೆ, ಗಂಜಿ ಹತ್ತಿದೆ, ಕುಂಕುಮ ಮೆತ್ತಿದೆ ಎಂದು ದೋಷಗಳನ್ನೆಣಿಸಿದನು. ಆತನ ಲೆಕ್ಕ ಪೇಟೆಯ ಲೆಕ್ಕ, ಅದರಲ್ಲಿ ತಪ್ಪಿಲ್ಲ. ಆ ತಾಯಿ ಈಗ ಇಲ್ಲ. ಮನೆಯವರು ಬೆಲ್ಲ ನೀರು ಕೊಟ್ಟು, ಕೊಡುವ ವಸ್ತುವಲ್ಲವೆಂದು ಹೇಳಿ ಕಳಿಸಿದರು.

ಮುದ್ರೆ ಬೀಳದ ಚೀಟಿ ಅಂದವಾಗಿಯೇ ಇರುತ್ತದೆ. ಆದರೆ ಅದು ಯಾವ ಊರಿನಿಂದಲೂ ಹೊರಟಿಲ್ಲ, ಯಾವ ಬಾಗಿಲನ್ನೂ ಮುಟ್ಟಿಲ್ಲ. ದಮಯಂತಿಯ ಮೋರೆಯ ಮೇಲೆ ಬಿದ್ದ ಆ ಕರಿಯ ವರ್ತುಲದಲ್ಲಿ, ಕಣ್ಣಿಟ್ಟು ನೋಡಿದರೆ, ಸೊಲ್ಲಾಪುರದ ಹೆಸರಿನ ಎರಡು ಮೂರು ಅಕ್ಷರಗಳು ಇನ್ನೂ ಕಾಣುತ್ತವೆ. ಕಿಳಿಮಾನೂರಿನ ಚಿತ್ರಕಾರನಿಗೆ ದೊರೆತ ಗೌರವಗಳ ಪಟ್ಟಿಯಲ್ಲಿ ವಿಯೆನ್ನಾದ ಬಹುಮಾನವಿದೆ, ಶಿಕಾಗೋ ಪ್ರದರ್ಶನವಿದೆ, ಅರಸರ ಮನ್ನಣೆಯಿದೆ. ಆ ಪಟ್ಟಿಯ ಕೊನೆಯಲ್ಲಿ ಅಬ್ಬಿಗೇರಿಯ ಈ ಮುದ್ರೆ ಬಿದ್ದ ಚೀಟಿಗೂ ಒಂದಿಷ್ಟು ಎಡೆ ಸಲ್ಲಬೇಕು.